ಚಮಚದಕ್ಕನ ಒಂದೊಂದೇ ಗುಟುಕು

ಟಿಣ್.

ರಾತ್ರಿ ಬಹಳ ಹೊತ್ತಾಗಿದೆ. ಮಕ್ಕಳ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಮೂಲೆಯ ವಾರ್ಡಿನ ದೊಡ್ಡ ದೀಪಗಳನ್ನೆಲ್ಲ ಆರಿಸಿ ನರ್ಸಿನ ಮೇಜಿನ ಮೇಲಿನ ಒಂದನ್ನು ಮಾತ್ರ ಉಳಿಸಿದ್ದಾರೆ. ಸ್ಟೀಲ್ ಲೋಟದ ಅಂಚಿಗೆ ಚಮಚ ತಾಗಿದ ಸದ್ದು ಅದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಣ್. ಮೊದಲ ರಾತ್ರಿ ಅದನ್ನು ಕೇಳುವುದು ಕಿರಿಕಿರಿ. ಎರಡನೆಯ ರಾತ್ರಿಯ ಹೊತ್ತಿಗೆ ಅದು ನಿಂತರೆ ಗಾಬರಿ.

ಸದ್ದು ಮಾಡುತ್ತಿರುವವರು ಈ ವಾರ್ಡಿನ ರಾತ್ರಿಪಾಳಿಯ ಆಯಾ. ಐವತ್ತು ದಾಟಿದ ಕುಳ್ಳಗಿನ ಹೆಂಗಸು. ಬಲಗೈ ಮಣಿಕಟ್ಟಿಗೆ ಹಳೆಯ ಬಟ್ಟೆಯ ಪಟ್ಟಿ. ಮಡಿಲಲ್ಲಿ ಮಗು ಅರೆಗಣ್ಣು ಮುಚ್ಚಿ ಮಲಗಿದೆ. ಅವರು ಚಮಚವನ್ನು ಲೋಟದಲ್ಲಿ ಅದ್ದಿ, ಅಂಚಿಗೆ ಒಮ್ಮೆ ತಾಗಿಸಿ, ಮಗುವಿನ ಕೆಳತುಟಿಯ ಮೇಲಿಟ್ಟು, ತಾವೂ ಬಾಯಿ ತೆರೆಯುತ್ತಾರೆ. ಮಗು ಬಾಯಿ ತೆರೆಯುತ್ತದೆ. ಚಮಚ ಓರೆಯಾಗುತ್ತದೆ. ಆಮೇಲೆ ಅವರು ಎಲ್ಲಿಯೂ ನೋಡುವುದಿಲ್ಲ, ಮಗುವಿನ ಗಂಟಲನ್ನು ಮಾತ್ರ ನೋಡುತ್ತಾರೆ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಆ ಗುಟುಕಿನ ಕೆಲಸ ಮುಗಿಯಿತು.

"ಗಡಿಯಾರ ನೋಡಿ ಕುಡಿಸಿ ಅಂತ ಹೊಸದಾಗಿ ಬಂದ ಸಿಸ್ಟರ್ ಹೇಳ್ತಾರೆ. ನೋಡ್ತೀನಿ, ನೋಡಲ್ಲ ಅಂತಲ್ಲ. ಆದ್ರೆ ಮಗು ಗಡಿಯಾರ ನೋಡಿ ನುಂಗಲ್ವಲ್ಲ" ಎನ್ನುತ್ತಾರೆ.

ವಾರ್ಡಿನಲ್ಲಿ ಅವರ ಹೆಸರು ಚಮಚದಕ್ಕ. ದೊಡ್ಡ ಡಾಕ್ಟರಿಂದ ಹಿಡಿದು ಕೆಳಗೆ ಚೀಟಿ ಕೊಡುವವನವರೆಗೂ ಹಾಗೇ ಕರೆಯುತ್ತಾರೆ. ಬೇಜಾರಿಲ್ಲವೇ ಎಂದು ಕೇಳಿದರೆ ನಗುತ್ತಾರೆ. "ಹೆಸರು ಮಾತ್ರ ಚಮಚ. ಯಾರಿಗೂ ಚಮಚಾಗಿರಿ ಮಾಡಿಲ್ಲ. ಮಾಡಿದ್ರೆ ಇಷ್ಟೊತ್ತಿಗೆ ಹಗಲುಪಾಳಿ ಸಿಕ್ಕಿರೋದು."

ಇದು ವಾಂತಿಭೇದಿಯ ವಾರ್ಡು. ಇಲ್ಲಿಗೆ ಬರುವ ಮಕ್ಕಳ ಕಣ್ಣುಗಳು ಗುಳಿಬಿದ್ದಿರುತ್ತವೆ. ಬಾಯಿ ಒಣಗಿರುತ್ತದೆ. ಅಳುತ್ತವೆ, ಆದರೆ ಕಣ್ಣೀರು ಬರುವುದಿಲ್ಲ. ಹೊಟ್ಟೆಯ ಮೇಲಿನ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರೆ ತಟ್ಟನೆ ಸಮವಾಗದೆ, ಮಡಿಸಿದ ಬಟ್ಟೆಯ ಹಾಗೆ ಗೆರೆ ಎದ್ದು ನಿಲ್ಲುತ್ತದೆ. ತೀರಾ ಸುಸ್ತಾದ ಮಕ್ಕಳಿಗೆ ಡಾಕ್ಟರು ನೇರವಾಗಿ ನರಕ್ಕೆ ಡ್ರಿಪ್ ಹಾಕುತ್ತಾರೆ. ಉಳಿದವರಿಗೆಲ್ಲ ಔಷಧಿ ಒಂದೇ: ಒಂದು ಲೀಟರ್ ಶುದ್ಧ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಪುಡಿ. ಅದು ಹನಿಹನಿಯಾಗಿ ಹೊಟ್ಟೆಗೆ ಸೇರಬೇಕು, ಸೇರಿದ್ದು ಉಳಿಯಬೇಕು. ಅವಸರದಿಂದ ಕುಡಿಸಿದರೆ ವಾಂತಿ. ಕುಡಿಸದಿದ್ದರೆ ಮಗು ಕೈತಪ್ಪಿ ಹೋದೀತು. ಇವೆರಡರ ನಡುವೆ ಇರುವುದು ಒಂದು ಚಮಚ, ಅದನ್ನು ಹಿಡಿದ ಒಂದು ಕೈ.

"ಬಂದವರು ಮೊದಲು ಜಗಳ ಆಡ್ತಾರೆ" ಎನ್ನುತ್ತಾರೆ ಚಮಚದಕ್ಕ. "ಮೊನ್ನೆ ಒಬ್ಬರು ಹೇಳಿದ್ರು, ನೋಡಮ್ಮಾ, ಮಗು ಸಾಯ್ತಾ ಇದೆ, ನೀನು ಗೊಂಬೆ ಆಟ ಆಡ್ತಿದ್ದೀಯಲ್ಲ, ಗ್ಲೂಕೋಸ್ ಬಾಟ್ಲಿ ಹಾಕ್ಸು ಅಂತ. ಬಾಟ್ಲಿ ನೇತಾಡಿದ್ರೆ ಅವರಿಗೆ ಸಮಾಧಾನ. ನಾನಂದೆ, ಅಪ್ಪಾ, ಬಾಟ್ಲಿ ಡಾಕ್ಟ್ರ ಕೈಲಿದೆ, ಅವರು ಬೇಕು ಅಂದ್ರೆ ಆ ಕ್ಷಣವೇ ಹಾಕ್ತಾರೆ. ಅಲ್ಲಿವರೆಗೂ ನನ್ನ ಗೊಂಬೆ ಆಟ ನೋಡು ಅಂತ. ಬೆಳಗಾಗೋದ್ರೊಳಗೆ ಅವರೇ ಚಮಚ ಹಿಡಿದು ಬಾಯಿ ತೆಗೆದುಕೊಂಡು ಕೂತಿದ್ರು."

ಈ ಬಾಯಿ ತೆರೆಯುವ ವಿಷಯ ನಿಜ. ನಸುಕಿನಲ್ಲಿ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದರೆ ಅಮ್ಮಂದಿರು, ಅಜ್ಜಿಯರು, ಒಬ್ಬಿಬ್ಬರು ಅಪ್ಪಂದಿರು, ಎಲ್ಲರೂ ಮಗುವಿನ ಜೊತೆಗೆ ಆ ಎಂದು ಬಾಯಿ ತೆರೆದು ಮುಚ್ಚುತ್ತಿರುತ್ತಾರೆ. ಸದ್ದಿಲ್ಲದ ಹಾಡಿನ ಹಾಗೆ.

ಚಮಚದಕ್ಕ ಮೊದಲು ಈ ವಾರ್ಡಿನ ನೆಲ ಒರೆಸುತ್ತಿದ್ದವರು. ಭೇದಿ ವಾರ್ಡಿನ ನೆಲ ಒರೆಸಲು ಯಾರೂ ಒಪ್ಪುತ್ತಿರಲಿಲ್ಲ, ಹಾಗಾಗಿ ಹೊಸಬರಿಗೆ ಅದೇ ಸಿಗುತ್ತಿತ್ತು. ಒಂದು ರಾತ್ರಿ ಮಂಚಗಳು ಸಾಲದೆ ಒಂದೊಂದರ ಮೇಲೆ ಇಬ್ಬಿಬ್ಬರು ಮಕ್ಕಳನ್ನು ಮಲಗಿಸಿದ್ದಾಗ, ಕೈ ಸಾಲದ ನರ್ಸೊಬ್ಬರು ಇವರ ಕೈಯಿಂದ ಒರೆಸುವ ಕೋಲು ಕಿತ್ತಿಟ್ಟು, ಸೋಪು ಹಾಕಿ ಕೈ ತೊಳೆಸಿ, ಚಮಚ ಕೊಟ್ಟರು. ಕೋಲು ಮತ್ತೆ ಹಿಡಿಯಬೇಕಾಗಲಿಲ್ಲವೇ? "ಅಯ್ಯೋ, ಅದೂ ಹಿಡೀತೀನಿ. ಇದೂ ಹಿಡೀತೀನಿ. ಸಂಬಳ ಮಾತ್ರ ಒಂದೇ ಹಿಡೀತೀನಿ."

ಕೆಲಸ ಇಂದಿಗೂ ಗುತ್ತಿಗೆಯದು. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಮಣಿಕಟ್ಟಿನ ನೋವಿಗೆ ಈ ಆಸ್ಪತ್ರೆಯಲ್ಲಿ ವಿಭಾಗವಿಲ್ಲ, ಏಕೆಂದರೆ ಇದು ಮಕ್ಕಳ ಆಸ್ಪತ್ರೆ. ಮನೆಯಲ್ಲಿ ಗಂಡ, ಮಗಳು. ಗಂಡನದು ಕ್ಷೌರದಂಗಡಿ. ಇವರು ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ಅವರು ಅಂಗಡಿಗೆ ಹೊರಟಿರುತ್ತಾರೆ. ಬಾಗಿಲಲ್ಲಿ ಬೀಗದ ಕೈ ಕೈಬದಲಾಗುತ್ತದೆ. "ಮದುವೆ ಆಗಿ ಇಷ್ಟು ವರ್ಷ ಜಗಳಾನೇ ಆಡಿಲ್ಲ ನಾವು. ಆಡೋಕೆ ಇಬ್ರೂ ಒಂದೇ ಕಡೆ ಎಚ್ಚರ ಇರಬೇಕಲ್ಲ." ಬಸ್ ಡಿಪೋದಲ್ಲಿ ಟಿಕೆಟ್ ಕೆಲಸ ಮಾಡುವ ಮಗಳು ಅಮ್ಮನನ್ನು ಬೇರೆ ರೀತಿ ಛೇಡಿಸುತ್ತಾಳೆ: "ಮನೇಲಿ ಚಮಚ ಮುಟ್ಟೋದೇ ಇಲ್ಲ ಇವಳು. ಚಹಾ ಕಲಕೋಕೆ ಸೌಟಿನ ಹಿಡಿ. ಕೇಳಿದ್ರೆ, ಡ್ಯೂಟಿ ಮುಗೀತು ಅಂತಾಳೆ."

ಒಂದು ರಾತ್ರಿಗೆ ಎಷ್ಟು ಚಮಚ ಕುಡಿಸುತ್ತೀರಿ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ಅವರು ಡಾಕ್ಟರ ಕಡೆ ಕೈ ತೋರಿಸುತ್ತಾರೆ. ರಾತ್ರಿಪಾಳಿಯ ಡಾಕ್ಟರು ಲೆಕ್ಕ ಹಾಕಿ ಹೇಳುತ್ತಾರೆ. ಎಂಟು ಕೆ.ಜಿ. ತೂಗುವ, ಒಣಗಿ ಬಂದ ಮಗುವಿಗೆ ಮೊದಲ ನಾಲ್ಕು ಗಂಟೆಯಲ್ಲಿ ಸುಮಾರು ಆರುನೂರು ಮಿಲಿಲೀಟರ್ ಹೋಗಬೇಕು. ಚಮಚಕ್ಕೆ ಐದು ಮಿಲಿಲೀಟರ್ ಹಿಡಿದರೆ ನೂರಿಪ್ಪತ್ತು ಚಮಚ. ಅದು ಒಂದು ಮಗುವಿಗೆ. ವಾರ್ಡಿನಲ್ಲಿ ಮಂಚಗಳು ಹದಿನಾರು.

ಉಪ್ಪು-ಸಕ್ಕರೆಯ ನೀರು ಇಷ್ಟು ಕೆಲಸ ಮಾಡುವುದು ಹೇಗೆ ಎಂದು ನಾನು ಕೇಳಿದ್ದು ಈ ಡಾಕ್ಟರನ್ನೇ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಮುಗಿಯುವವರೆಗೂ ಕೂರುವಷ್ಟು ಪುರುಸೊತ್ತು ಅವರಿಗೆ ಎಂದೂ ಸಿಕ್ಕಿಲ್ಲ. ನಿಂತುಕೊಂಡೇ, ಬ್ರೆಡ್ಡು ಸುತ್ತಿದ್ದ ಕಾಗದದ ಹಿಂಬದಿಯಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಒಂದು ಸಾಲು ಚೌಕ ಬರೆಯುತ್ತಾರೆ.

"ಇದು ಕರುಳಿನ ಒಳಗೋಡೆ ಅನ್ಕೊಳ್ಳಿ. ಒಂದೊಂದು ಚೌಕವೂ ಒಂದೊಂದು ಜೀವಕೋಶ. ಪ್ರತಿಯೊಂದಕ್ಕೂ ಸುತ್ತ ಒಂದು ಪೊರೆ ಇರುತ್ತೆ, ಕೊಬ್ಬಿನದು. ಎಣ್ಣೆಯಲ್ಲಿ ಉಪ್ಪು ಕರಗಲ್ಲ, ಗೊತ್ತಲ್ಲ? ಹಾಗೇ ಉಪ್ಪು ಈ ಪೊರೆಯನ್ನ ತಾನಾಗಿ ದಾಟಲಾರದು. ಸಕ್ಕರೆಯೂ ಅಷ್ಟೆ. ಅವಕ್ಕೆ ಬಾಗಿಲು ಬೇಕು. ಪೊರೆಯಲ್ಲಿ ಬೇರೆ ಬೇರೆ ಬಾಗಿಲುಗಳಿವೆ, ಒಂದೊಂದಕ್ಕೆ ಒಂದೊಂದು ನಿಯಮ. ಈ ಕಾಯಿಲೆ ಬಂದಾಗ ಕೆಲವು ಬಾಗಿಲು ಕೆಟ್ಟು, ಮೈಯೊಳಗಿನ ಉಪ್ಪು, ನೀರು ಎರಡೂ ಹೊರಗೆ ಸುರಿದುಹೋಗುತ್ತೆ. ಆಗ ಬರೀ ನೀರು ಕುಡಿಸಿದ್ರೆ ಸಾಲಲ್ಲ. ಬರೀ ಉಪ್ಪುನೀರೂ ಸರಿಯಾಗಿ ಒಳಗೆ ಹೋಗಲ್ಲ. ಆದ್ರೆ ಒಂದು ಬಾಗಿಲು ಮಾತ್ರ ಕೆಡದೆ ಉಳಿದಿರುತ್ತೆ. ಅದರ ನಿಯಮ ಏನು ಅಂದ್ರೆ, ಉಪ್ಪು, ಸಕ್ಕರೆ ಎರಡೂ ಒಟ್ಟಿಗೆ ಬಂದ್ರೇನೇ ಅದು ತೆರೆಯೋದು. ಅವೆರಡೂ ಒಳಗೆ ಹೋದ್ರೆ ನೀರು ತಾನಾಗೇ ಹಿಂದೆ ಹೋಗುತ್ತೆ."

ಅಷ್ಟರಲ್ಲಿ ಯಾರೋ ಕರೆಯುತ್ತಾರೆ. ಡಾಕ್ಟರು ಹೋಗುತ್ತಾರೆ. ಕಾಗದ ನನ್ನ ಕೈಯಲ್ಲಿ ಉಳಿಯುತ್ತದೆ.

ಚಮಚದಕ್ಕ ಅದನ್ನು ನೋಡಿ ತಲೆಯಾಡಿಸುತ್ತಾರೆ. "ನನಗೂ ಅವರೇ ಹೇಳಿಕೊಟ್ಟಿದ್ದು. ನಾನೇನು ಕರುಳೊಳಗೆ ಇಣುಕಿ ನೋಡಿದ್ದೀನಾ? ಉಪ್ಪಪ್ಪ ಒಬ್ಬನೇ ಹೋಗಿ ಬಾಗಿಲು ತಟ್ಟಿದ್ರೆ ತೆಗೆಯಲ್ಲ. ಸಕ್ಕರೆಯಮ್ಮನ ಕೈ ಹಿಡ್ಕೊಂಡು ಹೋದ್ರೆ, ಬನ್ನಿ ಬನ್ನಿ ಅಂತಾರೆ. ಅವರ ಹಿಂದೆ ನೀರು, ಮಕ್ಕಳು ಮರಿ ಎಲ್ಲ. ಅಮ್ಮಂದಿರಿಗೆ ಹಿಂಗೇ ಹೇಳ್ತೀನಿ, ನಗ್ತಾರೆ. ನಕ್ಕಿದ್ದು ಮರೆಯಲ್ಲ."

ಲೋಟದ ಅಂಚಿಗೆ ಚಮಚ ತಾಗಿಸುವುದೇಕೆ? ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಮೊದಮೊದಲು, ಚಮಚದ ಅಡಿಯ ಹನಿ ಮಗುವಿನ ಕತ್ತಿಗೆ ಬೀಳದಿರಲಿ ಎಂದು ಹಾಗೆ ಮಾಡುತ್ತಿದ್ದರಂತೆ. ಆಮೇಲೆ ಗೊತ್ತಾಯಿತು, ಕಣ್ಣು ಮುಚ್ಚಿದ ಮಗು ಸದ್ದು ಕೇಳಿದ ಕೂಡಲೇ ಬಾಯಿ ತೆರೆಯುತ್ತದೆ ಎಂದು. ಇನ್ನೂ ಆಮೇಲೆ ಮತ್ತೊಂದು ಗೊತ್ತಾಯಿತು. ಎರಡು ಮೂರು ರಾತ್ರಿ ನಿದ್ದೆಗೆಟ್ಟ ತಾಯಂದಿರು ಆ ಸದ್ದು ಬರುತ್ತಿರುವವರೆಗೆ ಮಲಗುತ್ತಾರೆ. ನಿಂತರೆ ಏಳುತ್ತಾರೆ.

"ಏನು ಬರೀತೀರಿ ನನ್ನ ಬಗ್ಗೆ?" ಎಂದು ಅವರೇ ಒಮ್ಮೆ ಕೇಳಿದರು. ನೀವೇ ಹೇಳಿ ಎಂದೆ. ಕೈಯಲ್ಲಿದ್ದ ಲೋಟ ಎತ್ತಿ ತೋರಿಸಿ ಹೇಳಿದರು: "ನನ್ನ ಕೈಲಿ ಲೋಟ ಇವತ್ತಿನವರೆಗೂ ಕೆಟ್ಟಿಲ್ಲ. ಒಂದು ಸಲಾನೂ ಹೆಚ್ಚುಕಡಿಮೆ ಆಗಿಲ್ಲ. ಅದೊಂದು ಬರೀರಿ, ಸಾಕು. ಮಗಳು ಓದ್ತಾಳೆ."

ಇದಾದ ಮರುರಾತ್ರಿ ಒಂದು ಮಗುವಿಗೆ ಆದದ್ದನ್ನು ಬರೆಯಬಹುದೇ ಎಂದು ನಾನು ಆ ಮಗುವಿನ ತಾಯಿಯನ್ನು ಕೇಳಿದ್ದೇನೆ. ಅವರು, "ಬರೀರಿ. ಇನ್ನೊಬ್ಬರ ಮನೇಲಿ ಹೀಗಾಗೋದು ತಪ್ಪಿದ್ರೆ ಒಳ್ಳೇದೇ. ಆದ್ರೆ ನಮ್ಮದು ಅಂತ ನಮ್ಮನೆಯವರಿಗೂ ಗುರುತು ಸಿಗಬಾರದು" ಎಂದರು. ಆದ್ದರಿಂದ ಮಗುವಿನ ವಯಸ್ಸು, ಮಂಚದ ಜಾಗ, ಮನೆಯವರ ಕೆಲಸ, ಕಾಲ ಎಲ್ಲ ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ.

ಕಿಟಕಿಯ ಪಕ್ಕದ ಮಂಚದಲ್ಲಿ ಹತ್ತು ತಿಂಗಳ ಮಗು. ಜೊತೆಗೆ ತಾಯಿ ಮತ್ತು ಅಜ್ಜಿ, ಅಂದರೆ ತಾಯಿಯ ಅತ್ತೆ. ತಾಯಿ ಬಟ್ಟೆ ಇಸ್ತ್ರಿ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಮಗು ಅಜ್ಜಿಯ ಕೈಯಲ್ಲೇ ಬೆಳೆಯುತ್ತಿದೆ. ತಂದೆ ಲಾರಿ ಓಡಿಸುವವರು, ಎಲ್ಲೋ ದೂರದ ದಾರಿಯಲ್ಲಿದ್ದಾರೆ. ಮಧ್ಯಾಹ್ನ ಸೊರಗಿ ಬಂದ ಮಗು ಸಂಜೆಯ ಹೊತ್ತಿಗೆ ಚೇತರಿಸಿಕೊಂಡಿದೆ. ನರ್ಸಿನ ಜೇಬಿನ ಪೆನ್ನಿಗೆ ಕೈ ಹಾಕುತ್ತದೆ. ಚಮಚದಕ್ಕ ತಾಯಿಗೆ, "ನೀವೀಗ ಮಲಗಿ. ನಾನಿದ್ದೀನಿ, ನಿಮ್ಮತ್ತೆ ಇದ್ದಾರೆ" ಎಂದು ಒತ್ತಾಯ ಮಾಡುತ್ತಾರೆ. ತಾಯಿ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು, ಚಪ್ಪಲಿಯನ್ನೂ ಬಿಚ್ಚದೆ ನಿದ್ದೆ ಹೋಗುತ್ತಾರೆ.

ಆ ರಾತ್ರಿ ಒಂದರ ಹಿಂದೊಂದು ಮಕ್ಕಳು ಬರುತ್ತವೆ. ಚಮಚದಕ್ಕ ಹೂಜಿಯಿಂದ ಓಆರ್‌ಎಸ್ ನೀರನ್ನು ಲೋಟಕ್ಕೆ ಬಗ್ಗಿಸಿ, ಚಮಚವನ್ನು ಅಜ್ಜಿಯ ಕೈಗೆ ಕೊಡುತ್ತಾರೆ. "ನಿಧಾನ ಅಜ್ಜಿ. ಕುಡಿದ್ರೆ ಸಾಕು. ಎಷ್ಟು ಕುಡಿಯುತ್ತೋ ಅಷ್ಟೂ ಪುಣ್ಯ" ಎಂದು ಹೇಳಿ ಬಾಗಿಲ ಬಳಿಯ ಮಂಚಕ್ಕೆ ಹೋಗುತ್ತಾರೆ. ಅಜ್ಜಿಗೂ ಅಭ್ಯಾಸವಾಗಿದೆ. ಟಿಣ್, ಟಿಣ್ ಎಂದು ಆ ಕಡೆಯಿಂದಲೂ ಕೇಳುತ್ತದೆ.

ಆದರೆ ನಡುರಾತ್ರಿಯ ನಂತರ ಮಗುವಿಗೆ ಮತ್ತೆ ಭೇದಿ ಹೆಚ್ಚುತ್ತದೆ. ಒಂದು ಸಲ, ಇನ್ನೊಂದು ಸಲ. ಪೆನ್ನಿಗೆ ಕೈ ಹಾಕುತ್ತಿದ್ದ ಮಗು ಕತ್ತು ವಾಲಿಸಿ ಮಲಗಿದೆ. ಚಮಚದಕ್ಕ ಬಂದು ನೋಡುತ್ತಾರೆ. ಹುಬ್ಬು ಗಂಟಿಕ್ಕುತ್ತದೆ. "ಚೆನ್ನಾಗಿತ್ತಲ್ಲ ಮಗು. ಕುಡೀತಿಲ್ವಾ?"

"ಕುಡೀತಿದೆ ಕಣಮ್ಮ, ಗಟಗಟ ಅಂತ ಕುಡೀತಿದೆ" ಎನ್ನುತ್ತಾರೆ ಅಜ್ಜಿ.

ಚಮಚದಕ್ಕ ನರ್ಸಿಗೆ ತಿಳಿಸಲು ಹೊರಡುತ್ತಾರೆ. ಅರ್ಧ ವಾರ್ಡು ದಾಟಿರಬಹುದು, ನಿಂತುಬಿಡುತ್ತಾರೆ. ನನಗೂ ಕೇಳಿಸಿದೆ, ಆದರೆ ಅದರ ಅರ್ಥ ನನಗೆ ಗೊತ್ತಾಗಿಲ್ಲ. ಚಮಚ ಲೋಟದೊಳಗೆ ಸುತ್ತುವ ಸದ್ದು. ಅಡಿಯಲ್ಲಿ ಏನೋ ಗರಗರ ಎನ್ನುತ್ತಿದೆ.

ಈ ವಾರ್ಡಿನಲ್ಲಿ ಯಾರೂ ಲೋಟವನ್ನು ಕಲಕುವುದಿಲ್ಲ. ಪುಡಿಯನ್ನು ಹೂಜಿಯಲ್ಲೇ ಕರಗಿಸಿ ಇಟ್ಟಿರುತ್ತಾರೆ. ಲೋಟದಲ್ಲಿ ಕಲಕಲು ಏನೂ ಇರಬಾರದು.

ಚಮಚದಕ್ಕ ಹಿಂದಿರುಗಿ ಹೋಗಿ ಅಜ್ಜಿಯ ಕೈಯಿಂದ ಲೋಟ ತೆಗೆದುಕೊಳ್ಳುತ್ತಾರೆ. ಅಂಗೈಗೆ ಎರಡು ಹನಿ ಬಿಟ್ಟು ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿಕೊಳ್ಳುತ್ತಾರೆ. ಸರಿಯಾಗಿ ಬೆರೆಸಿದ್ದು ಕಣ್ಣೀರಿನಷ್ಟು ಉಪ್ಪಾಗಿ, ಸಿಹಿ ಇದೆಯೋ ಇಲ್ಲವೋ ಎಂಬಂತಿರುತ್ತದೆ. ಇದು ಪಾನಕದ ಹಾಗಿದೆ.

"ಏನು ಹಾಕಿದ್ರಿ ಅಜ್ಜಿ?" ಧ್ವನಿ ಏರಿಲ್ಲ.

ಅಜ್ಜಿಯ ಮಡಿಲಲ್ಲಿ, ಚಹಾಕ್ಕೆಂದು ಮನೆಯಿಂದ ತಂದ ಸಕ್ಕರೆಯ ಡಬ್ಬಿ. "ಉಪ್ಪುಪ್ಪಾಗಿತ್ತು ಕಣಮ್ಮ. ಮುಖ ಕಿವುಚಿ ಉಗೀತಿತ್ತು. ಸ್ವಲ್ಪ ಸಿಹಿ ಮಾಡ್ದೆ. ಆಮೇಲೆ ನಗ್ತಾ ಕುಡೀತು. ಕುಡಿದ್ರೆ ಸಾಕು ಅಂದ್ಯಲ್ಲ ನೀನೇ."

"ಅಂದೆ" ಎನ್ನುತ್ತಾರೆ ಚಮಚದಕ್ಕ. "ನಾನೇ ಅಂದೆ. ಅರ್ಧ ಹೇಳಿ ಅರ್ಧ ಬಿಟ್ಟೆ."

ಬಿಟ್ಟುಹೋದ ಅರ್ಧ ಇದು. ಬಾಗಿಲಿನಲ್ಲಿ ಉಪ್ಪಿನ ಜೊತೆಗೆ ಒಳಹೋಗುವಷ್ಟೇ ಸಕ್ಕರೆ ಇದ್ದರೆ ನೀರು ಅವುಗಳ ಹಿಂದೆ ಮೈಗೆ ಸೇರುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ, ಹೋಗಲಾರದ ಸಕ್ಕರೆ ಕರುಳಿನಲ್ಲೇ ಗುಂಪುಗೂಡಿ ನಿಲ್ಲುತ್ತದೆ. ನೀರು ಯಾವಾಗಲೂ ಗುಂಪು ಹೆಚ್ಚಿದ್ದ ಕಡೆಗೆ ಹರಿಯುವಂಥದ್ದು. ಪೊರೆ ದಾಟಿ ಒಳಗೆ ಹೋಗಬೇಕಾದ ನೀರು, ಮೈಯಲ್ಲಿ ಅಷ್ಟಿಷ್ಟು ಉಳಿದಿದ್ದನ್ನೂ ಕರೆದುಕೊಂಡು ಕರುಳಿಗೇ ವಾಪಸು ಬರುತ್ತದೆ. ಭೇದಿ ಹೆಚ್ಚುತ್ತದೆ. ಮಗು ಕುಡಿದಷ್ಟೂ ಒಣಗುತ್ತದೆ.

ಚಮಚದಕ್ಕ ಲೋಟವನ್ನು ಚೆಲ್ಲಿ ತೊಳೆದು ನರ್ಸನ್ನು ಕರೆತರುತ್ತಾರೆ. ಡಾಕ್ಟರು ಓಡಿಬರುತ್ತಾರೆ. ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಡುತ್ತಾರೆ. ಗೆರೆ ಎದ್ದು ನಿಲ್ಲುತ್ತದೆ. ರಕ್ತದಲ್ಲಿ ಉಪ್ಪಿನಂಶ ನೋಡಲು ಸೂಜಿ ಚುಚ್ಚಿದಾಗ ಮಗು ಅಳುತ್ತದೆ, ಒಣ ಅಳು.

"ಏನಾಯ್ತು?"

"ಲೋಟದಲ್ಲಿ ಸಕ್ಕರೆ ಹೆಚ್ಚಾಗಿಹೋಗಿದೆ ಡಾಕ್ಟ್ರೇ. ಎರಡು ಲೋಟದಷ್ಟು ಹೋಗಿರಬಹುದು."

"ಹೇಗೆ?"

"ನನ್ನ ಪಾಳಿ. ನಾನು ನೋಡ್ಕೋಬೇಕಿತ್ತು."

ಡಾಕ್ಟರ ಕಣ್ಣು ಅಜ್ಜಿಯ ಕಡೆ ಹೋಗುತ್ತದೆ. ಡಬ್ಬಿಯನ್ನು ಸೆರಗಿನಡಿಗೆ ಸರಿಸುತ್ತಿರುವ ಎರಡು ಕೈ. ಅವರು ಮತ್ತೆ ಕೇಳುವುದಿಲ್ಲ. "ಸರಿಯಾದ ನೀರು ಶುರು ಮಾಡಿ, ಒಂದೊಂದೇ ಚಮಚ. ಡ್ರಿಪ್ ಸಿದ್ಧ ಇಟ್ಟಿರ್ತೀನಿ. ಬೆಳಗಾಗೋದ್ರೊಳಗೆ ಕಣ್ಣು ಬಿಟ್ಟು ನೋಡ್ಬೇಕು ಮಗು. ಇಲ್ಲಾಂದ್ರೆ ಕಾಯಲ್ಲ" ಎಂದು ಹೇಳಿ, ಆ ಮಂಚದ ಆಚೆಗೇ ಕುರ್ಚಿ ಎಳೆದುಕೊಳ್ಳುತ್ತಾರೆ.

ಅಜ್ಜಿ ಚಮಚದಕ್ಕನ ಮೊಣಕೈ ಹಿಡಿಯುತ್ತಾರೆ. ಮಾತು ಪಿಸುಗುಟ್ಟಿದ ಹಾಗೆ. "ಅವಳು ಎದ್ರೆ ಏನು ಹೇಳ್ಲಿ? ಕೆಲಸಕ್ಕೆ ಹೋಗೋವಾಗ ನನ್ನ ಕೈಗೆ ಕೊಟ್ಟು ತಿರುಗಿ ನೋಡದೆ ಹೋಗ್ತಾಳಮ್ಮ. ಅಷ್ಟು ನಂಬಿಕೆ. ಇನ್ಮೇಲೆ ಕೊಡ್ತಾಳಾ?"

ಚಮಚದಕ್ಕ ಮಗುವನ್ನು ಎತ್ತಿಕೊಂಡು ಕೂರುತ್ತಾರೆ.

ತಾಯಿಗೆ ಎಚ್ಚರವಾಗಿದೆ. ಗದ್ದಲದಿಂದಲ್ಲ. ಆ ಹೊತ್ತು ಟಿಣ್ ಎಂಬ ಸದ್ದು ಇರಲಿಲ್ಲ, ಅದಕ್ಕೆ. ಎದ್ದು ನಿಂತವರು ಮೊದಲು ಮಗುವನ್ನು, ಆಮೇಲೆ ಡಾಕ್ಟರನ್ನು ನೋಡುತ್ತಾರೆ. ಏನಾಯಿತೆಂದು ಯಾರೋ ಹೇಳುತ್ತಾರೆ: ನೀರಿನಲ್ಲಿ ಸಕ್ಕರೆ ಹೆಚ್ಚಾಗಿತ್ತು. ಯಾರ ಲೋಟ ಎಂದು ತಾಯಿ ಕೇಳುತ್ತಾರೆ. "ನಂದು" ಎನ್ನುತ್ತಾರೆ ಚಮಚದಕ್ಕ.

"ನಿಮ್ಮ ಸದ್ದು ಕೇಳ್ಕೊಂಡು ಮಲಗಿದ್ದೆನಲ್ಲ ನಾನು" ಎನ್ನುತ್ತಾರೆ ತಾಯಿ. ಕೂಗುವುದಿಲ್ಲ. ಕೂಗಿದ್ದರೆ ಕೇಳಲು ಸುಲಭವಾಗುತ್ತಿತ್ತು. "ಇಷ್ಟು ವರ್ಷದಿಂದ ಇದೇ ಕೆಲಸ ಅಂದ್ರಿ. ಒಂದು ಲೋಟ ನೀರು ನೋಡ್ಕೊಳ್ಳೋಕೆ ಆಗ್ಲಿಲ್ವಾ? ಪೇಪರಿನವರ ಹತ್ರ ಮಾತಾಡ್ಕೊಂಡು ಕೂತಿದ್ರೆ ಹಿಂಗೇ ಆಗೋದು. ಕೊಡಿ ನನ್ನ ಮಗೂನ."

ಚಮಚದಕ್ಕ ಮಗುವನ್ನು ಕೊಡುತ್ತಾರೆ. ಚಮಚವನ್ನೂ ಕೊಡುತ್ತಾರೆ. ಮೂಲೆಯಿಂದ ಒರೆಸುವ ಕೋಲು ತಂದು, ಒರೆಸಬೇಕಾಗಿಲ್ಲದ ನೆಲವನ್ನು ಒರೆಸತೊಡಗುತ್ತಾರೆ. ನಾನು ಹತ್ತಿರ ಹೋದಾಗ ತಲೆ ಎತ್ತದೆ ಹೇಳುತ್ತಾರೆ: "ಆ ಲೋಟದ ಮಾತು ಹೇಳಿದ್ನಲ್ಲ ಮೇಡಂ, ಕೆಟ್ಟಿಲ್ಲ ಅಂತ. ಅದನ್ನ ತೆಗೆದುಹಾಕಿ."

ನಾನು ತೆಗೆದಿಲ್ಲ.

ತಾಯಿ ಕುಡಿಸುತ್ತಲೇ ಇದ್ದಾರೆ. ಚಮಚ ಲೋಟಕ್ಕೆ ಎರಡೆರಡು ಸಲ ತಾಗುತ್ತದೆ. ಅಜ್ಜಿ ಗೋಡೆಗೊರಗಿ, ಮೊಮ್ಮಗುವಿನ ಜೊತೆ ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಕಿಟಕಿಯ ಗಾಜು ಕಪ್ಪಿನಿಂದ ಬೂದಿಗೆ ತಿರುಗುತ್ತದೆ. ಕೆಳಗೆ ಹಾಲಿನ ವ್ಯಾನು ಬಂದು ನಿಂತ ಸದ್ದು. ಡಾಕ್ಟರು ಎರಡು ಸಲ ಗಡಿಯಾರ ನೋಡಿದ್ದಾರೆ. ಮೂರನೆಯ ಸಲ ನೋಡಿ ಎದ್ದು ನಿಲ್ಲುತ್ತಾರೆ. ನರ್ಸು ಡ್ರಿಪ್ಪಿನ ಕಂಬವನ್ನು ತಳ್ಳಿಕೊಂಡು ಬರುತ್ತಾರೆ.

ಕಂಬದ ಚಕ್ರ ಕಿರುಗುಟ್ಟಿದ್ದಕ್ಕೋ ಏನೋ, ಮಗು ಕಣ್ಣು ಬಿಡುತ್ತದೆ. ಕಂಬವನ್ನು ನೋಡುತ್ತದೆ. ತುಟಿ ಸೊಟ್ಟಗಾಗಿ ಅಳು ಶುರುವಾಗುತ್ತದೆ. ಈ ಅಳುವಿನಲ್ಲಿ ಎಡಗಣ್ಣಿನ ತುದಿಯಲ್ಲಿ ಒಂದು ಹನಿ ಮೂಡಿ, ದಪ್ಪಗಾಗಿ, ಕಿವಿಯ ಕಡೆಗೆ ಇಳಿಯುತ್ತದೆ.

"ಅಕ್ಕಾ" ಎನ್ನುತ್ತಾರೆ ತಾಯಿ.

ಕೋಲು ಬಿಟ್ಟು ಚಮಚದಕ್ಕ ಬರುವಷ್ಟರಲ್ಲಿ ಇನ್ನೊಂದಾಗಿದೆ. ತಾಯಿಯ ಮಡಿಲು ಒದ್ದೆಯಾಗಿ, ಬೆಚ್ಚಗೆ, ಮಂಚದ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿದೆ. ತಾಯಿ ಗಾಬರಿಯಾಗಿ ನೋಡುತ್ತಾರೆ, ಮತ್ತೆ ಭೇದಿಯೇ ಎಂದು. ಚಮಚದಕ್ಕ ಬಗ್ಗಿ ನೋಡಿ ನೆಲದ ಮೇಲೆಯೇ ಕುಳಿತುಬಿಡುತ್ತಾರೆ.

"ಉಚ್ಚೆ" ಎನ್ನುತ್ತಾರೆ. "ಡಾಕ್ಟ್ರೇ, ಉಚ್ಚೆ ಹೊಯ್ತು ನಮ್ಮ ಪಾಪು."

ಒಣಗಿದ ಮೈಗೆ ನೀರು ಹತ್ತಿದ ಗುರುತು ಅದು, ಈ ವಾರ್ಡಿನಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಪಕ್ಕದ ಮಂಚದವರು ಎದ್ದು ಬಂದು ನೋಡುತ್ತಾರೆ, ಬಹುಮಾನ ಬಂದದ್ದನ್ನು ನೋಡುವ ಹಾಗೆ. ಡಾಕ್ಟರು ಹೊಟ್ಟೆಯನ್ನು ಮತ್ತೊಮ್ಮೆ ಚಿವುಟುತ್ತಾರೆ. ಗೆರೆ ಎದ್ದು, ಈ ಸಲ ಬೇಗ ಮಲಗುತ್ತದೆ. ರಕ್ತದ ವರದಿಯೂ ಬಂದಿದೆ, ಉಪ್ಪಿನಂಶ ಗಾಬರಿಪಡುವಷ್ಟಿಲ್ಲ. ಡಾಕ್ಟರು ಕಂಬವನ್ನು ಹಿಂದಕ್ಕೆ ಕಳಿಸುತ್ತಾರೆ. "ನಿಲ್ಲಿಸಬೇಡಿ, ಕುಡಿಸ್ತಾ ಇರಿ. ಇನ್ನೂ ಕಣ್ಣಿಟ್ಟಿರ್ಬೇಕು" ಎಂದು ಹೇಳಿ, ಆ ರಾತ್ರಿ ಮೊದಲ ಬಾರಿಗೆ ಮುಖ ತೊಳೆಯಲು ಹೋಗುತ್ತಾರೆ.

ಅಜ್ಜಿ ಒದ್ದೆ ಬಟ್ಟೆಗಳನ್ನು ಬಾಚಿಕೊಂಡು ಬಚ್ಚಲಿಗೆ ಹೋಗುತ್ತಾರೆ. ಮಗುವನ್ನು ಚಮಚದಕ್ಕನ ಕೈಗೆ ಕೊಟ್ಟು ತಾಯಿ ಮಂಚದ ಹಾಸು ಬದಲಿಸಲು ನಿಲ್ಲುತ್ತಾರೆ. ಹಾಸು ಎಳೆದವರು ಹಾಗೇ ನಿಂತಿದ್ದಾರೆ.

ಮಂಚದ ಕಾಲಿನಗುಂಟ ಇರುವೆಯ ಸಾಲು. ಲೋಟ ಇಟ್ಟಿದ್ದ ಸಣ್ಣ ಮೇಜನ್ನು ಹತ್ತಿ, ಅಲ್ಲಿ ಅಂಟಂಟಾದ ಒಂದು ಬಳೆಯಾಕಾರದ ಕಲೆಯ ಸುತ್ತ ತಿರುಗಿ, ಇಳಿದು, ಗೋಡೆಯ ಬದಿಯಲ್ಲಿ ಅಜ್ಜಿಯ ಕೈಚೀಲದೊಳಗೆ ಹೋಗುತ್ತಿದೆ. ಚೀಲದ ಬಾಯಲ್ಲಿ, ಮುಚ್ಚಳ ಸರಿಯಾಗಿ ಕೂರದ ಡಬ್ಬಿ.

ತಾಯಿ ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಆಮೇಲೆ ಚಮಚದಕ್ಕನ ಮುಖ ನೋಡುತ್ತಾರೆ. ಚಮಚದಕ್ಕ ಮಗುವಿನ ಗಂಟಲು ನೋಡುತ್ತಿದ್ದಾರೆ.

"ಅಕ್ಕಾ, ಆಗ ನಾನು ಅಂದಿದ್ದು..."

"ಇರುವೆ ಹತ್ತಿದ್ವಾ?" ಎನ್ನುತ್ತಾರೆ ಚಮಚದಕ್ಕ. "ಈ ಕಟ್ಟಡದ ತುಂಬ ಇರುವೆಯೇ. ಎಷ್ಟು ಒರೆಸಿದ್ರೂ ಬರ್ತವೆ."

"ಹೂಂ" ಎನ್ನುತ್ತಾರೆ ತಾಯಿ. "ಕಟ್ಟಡದ ಇರುವೆ." ಒದ್ದೆ ಬಟ್ಟೆ ತಂದು ಮೇಜು ಒರೆಸುತ್ತಾರೆ, ಮಂಚದ ಕಾಲು ಒರೆಸುತ್ತಾರೆ. ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂರಿಸಿ, ಅದನ್ನು ಚೀಲದ ಅಡಿಗೆ, ಅತ್ತೆಯ ಬಟ್ಟೆಗಳ ಕೆಳಗೆ ಇಡುತ್ತಾರೆ.

ಅಷ್ಟರಲ್ಲಿ ಫೋನು ಬರುತ್ತದೆ. ಮಗುವಿನ ತಂದೆ. ಲಾರಿಯ ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಧ್ವನಿ, ನಮಗೂ ಕೇಳುತ್ತದೆ. "ರಾತ್ರಿ ಹೆಚ್ಚಾಗಿದೆ ಅಂತ ಮೆಸೇಜ್ ಹಾಕಿದ್ಯಲ್ಲ. ಏನಾಯ್ತು? ಯಾರದು ತಪ್ಪು? ಆಸ್ಪತ್ರೆಯವರದಾ? ಹೇಳು, ನಾನು ಮಾತಾಡ್ತೀನಿ."

ಬಚ್ಚಲಿನಿಂದ ಬಂದ ಅಜ್ಜಿ, ಹಿಂಡಿದ ಬಟ್ಟೆಯನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಒಳಗೆ ಬರುವುದಿಲ್ಲ.

ತಾಯಿ ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಚಮಚದಕ್ಕನ ಮಡಿಲಿನಿಂದ ಮಗುವನ್ನು ಎತ್ತಿಕೊಳ್ಳುತ್ತಾರೆ. ಬಾಗಿಲವರೆಗೂ ನಡೆದು ಅತ್ತೆಯ ಕೈಯಿಂದ ಒದ್ದೆ ಬಟ್ಟೆಯನ್ನು ತೆಗೆದುಕೊಂಡು, ಆ ಕೈಗಳಿಗೆ ಮಗುವನ್ನು ಕೊಡುತ್ತಾರೆ.

"ಏನೂ ಆಗ್ಲಿಲ್ಲ ರೀ" ಎನ್ನುತ್ತಾರೆ ಫೋನಿಗೆ. "ನಾನೇ ಹೆದರಿಕೊಂಡೆ. ಪಾಪು ನಿಮ್ಮಮ್ಮನ ಹತ್ರ ಇದೆ. ಕುಡೀತಾ ಇದೆ."